ಎತ್ತಿಗೂ ಒಂದು ಸೋಮವಾರ ಇದೆ

ಸಂಜೆ ಶಾಲೆ ಬಿಟ್ಟು ಕೆಮ್ಮಣ್ಣಿನ ದಾರಿಯಲ್ಲಿ ರೂಮಿಗೆ ನಡೆದು ಬರುವಾಗ ಎದುರು ಸಿಕ್ಕವರೆಲ್ಲ ನನಗೆ ಒಂದೇ ಮಾತು ಹೇಳುತ್ತಿದ್ದರು: ‘ಪೋಲೆ ನಾ ಕಾಜಿ.’ ಮೊದಲ ವಾರ ಇದೂ ನಮಸ್ಕಾರದ ಒಂದು ಬಗೆ ಎಂದುಕೊಂಡು ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ಆಮೇಲೆ ಗೊತ್ತಾಯಿತು, ಸ್ವಾಹಿಲಿಯಲ್ಲಿ ಪೋಲೆ ಎಂದರೆ ಅಯ್ಯೋ ಪಾಪ, ಕಾಜಿ ಎಂದರೆ ಕೆಲಸ. ಕೆಲಸ ಮಾಡಿ ಬಂದಿದ್ದೀರಿ, ದಣಿದಿದ್ದೀರಿ, ಅದು ನಮಗೆ ಕಾಣುತ್ತಿದೆ ಎನ್ನುವ ಮಾತು. ನಮ್ಮ ಶಿರಸಿ ಕಡೆ ಬಿಸಿಲಲ್ಲಿ ಬಂದವರನ್ನು ಕೂರಿಸಿ ಮೊದಲು ‘ಆಸರಿಗೆ ಎಂತ ಬೇಕು?’ ಎಂದು ಕೇಳಿ, ಬೆಲ್ಲ ನೀರು ತಂದಿಡುತ್ತಾರಲ್ಲ, ಹೆಚ್ಚುಕಡಿಮೆ ಅದೇ.

ಟಾಂಜಾನಿಯಾದ ದಕ್ಷಿಣದ ಎತ್ತರದ ಸೀಮೆಯಲ್ಲಿರುವ ಇರಿಂಗಾ ಪಟ್ಟಣದ ಹೊರಗೆ ಒಂದು ಪ್ರೌಢಶಾಲೆ. ಅಲ್ಲಿ ಹತ್ತು ತಿಂಗಳು ಗಣಿತ ಕಲಿಸಲು ಸ್ವಯಂಸೇವಕನಾಗಿ ಹೋಗಿದ್ದೆ. ಊರಿಗೆ ಊರೇ ದಿನಾ ಸಂಜೆ ನನ್ನ ದಣಿವನ್ನು ವಿಚಾರಿಸುತ್ತಿತ್ತು. ನಾನು ಮಾತ್ರ ಮೊದಲ ಮೂರು ತಿಂಗಳು ಒಂದು ದಿನವೂ ರಜೆ ಕೇಳಲಿಲ್ಲ.

ಕೇಳದೆ ಇದ್ದುದಕ್ಕೆ ಕಾರಣ ಸಂಕೋಚ. ಸಂಬಳಕ್ಕೆ ಹೋದವನಿಗಾದರೆ ರಜೆ ಹಕ್ಕು. ಸೇವೆಗೆ ಹೋದವನು ರಜೆ ಕೇಳಿದರೆ ಏನಂದುಕೊಂಡಾರು? ದೇವಸ್ಥಾನದಲ್ಲಿ ಬಡಿಸಲು ನಿಂತವನು ಪಂಕ್ತಿ ಏಳುವ ಮುಂಚೆ ತಾನೇ ಕೂತು ಉಣ್ಣುವುದುಂಟೇ? ಸೇವೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಆ ಚಿತ್ರ. ಆದರೆ ಊಟದ ಪಂಕ್ತಿ ಎರಡು ತಾಸಿಗೆ ಮುಗಿಯುತ್ತದೆ, ಹತ್ತು ತಿಂಗಳ ಪಂಕ್ತಿ ಮುಗಿಯುವುದಿಲ್ಲ.

ನನ್ನ ಸಂಕೋಚದ ಬಿಲ್ಲು ನಾಲ್ಕನೇ ತಿಂಗಳು ಬಂತು. ಭಿನ್ನರಾಶಿ ಕೂಡುವುದು ಹೇಗೆಂದು ಮೂರನೇ ಸಲ ಕೇಳಿದ ಹುಡುಗಿಯ ಮೇಲೆ ಇಡೀ ತರಗತಿಯ ಎದುರು ಹರಿಹಾಯ್ದೆ. ಅವಳು ಅಳಲಿಲ್ಲ. ‘ಪೋಲೆ, ಮ್ವಾಲಿಮು’ ಎಂದಳು. ಮ್ವಾಲಿಮು ಎಂದರೆ ಮೇಷ್ಟ್ರು. ತಪ್ಪು ನನ್ನದು, ಅಯ್ಯೋ ಪಾಪ ಅಂದದ್ದು ಅವಳು.

ಅಂದು ಸಂಜೆ ಶಾಲೆಯ ಹಿರಿಯ ಶಿಕ್ಷಕಿ ನನ್ನನ್ನು ಕರೆಸಿದರು. ಎಲ್ಲರೂ ಅವರನ್ನು ಮಾಮಾ ಎಂದೇ ಕರೆಯುವುದು. ಅಲ್ಲಿ ಮಾಮಾ ಎಂದರೆ ಅಮ್ಮ, ನಮ್ಮ ಮಾವ ಅಲ್ಲ. ‘ಶಿಕಾಮೂ, ಮಾಮಾ’ ಎಂದೆ. ಹಿರಿಯರಿಗೆ ಹೇಳುವ ನಮಸ್ಕಾರ ಅದು. ‘ಮರಹಾಬಾ’ ಎಂದು ಸ್ವೀಕರಿಸಿ, ಚಹಾ ಬಗ್ಗಿಸುತ್ತ ಕೇಳಿದರು: ‘ಮ್ವಾಲಿಮು, ನೀನು ಬರುವ ಮುಂಚೆ ಈ ಶಾಲೆ ಇತ್ತೋ ಇಲ್ಲವೋ?’

‘ಇತ್ತು.’

‘ನೀನು ಹೋದಮೇಲೆ?’

‘ಇರುತ್ತದೆ.’

‘ಹಾಗಾದರೆ ಈ ಶನಿವಾರ ಎಲ್ಲಿಗಾದರೂ ಹೋಗಿ ಮಲಗು.’

ಈ ಬರಹ ಹೊರದೇಶಕ್ಕೆ ಸೇವೆಗೆಂದು ಹೊರಟಿರುವವರಿಗೆ. ಪದವಿ ಮುಗಿಸಿ ಒಂದು ವರ್ಷ ಹೊರಗೆ ದುಡಿದು ಬರೋಣ ಎನ್ನುವ ಹುಡುಗ ಹುಡುಗಿಯರು, ನರ್ಸುಗಳು, ಎಂಜಿನಿಯರುಗಳು, ನಿವೃತ್ತರಾದ ಮೇಷ್ಟ್ರುಗಳು. ಏನು ಕಲಿಸಬೇಕು, ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಎಲ್ಲಿ, ಯಾವಾಗ, ಹೇಗೆ ವಿಶ್ರಾಂತಿ ತೆಗೆದುಕೊಳ್ಳಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

ಸ್ವಯಂಸೇವಕರ ನಡುವೆಯೇ ಹುಟ್ಟಿದ ಪದ

ಬರ್ನೌಟ್ ಎನ್ನುವ ಮಾತು ಈಗ ಬೆಂಗಳೂರಿನ ಐಟಿ ಕಂಪನಿಗಳ ಸ್ವತ್ತು ಎನ್ನುವಂತಾಗಿದೆ. ನಿಜವಾಗಿ ಅದು ಬಳಕೆಗೆ ಬಂದದ್ದು ಸಂಬಳವಿಲ್ಲದೆ ದುಡಿಯುವವರ ನಡುವಿನಿಂದ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಹಗಲು ತನ್ನ ವೃತ್ತಿ ಮುಗಿಸಿ, ಸಂಜೆ ಬಡವರ ಉಚಿತ ಚಿಕಿತ್ಸಾಲಯವೊಂದರಲ್ಲಿ ಸ್ವಯಂಸೇವೆ ಮಾಡುತ್ತಿದ್ದ. ಉತ್ಸಾಹದಿಂದ ಬಂದ ಸಹಸ್ವಯಂಸೇವಕರು ಕೆಲವು ತಿಂಗಳಲ್ಲೇ ಸಿಡುಕರಾಗುವುದನ್ನು, ರೋಗಿಗಳ ಬಗ್ಗೆಯೇ ಹಗುರವಾಗಿ ಮಾತಾಡುವುದನ್ನು ಕಂಡ. ಕೊನೆಗೆ ತಾನೂ ಹಾಗೇ ಆದ. 1974ರಲ್ಲಿ ಅದನ್ನು ಲೇಖನವಾಗಿ ಬರೆದ. ಹೆಚ್ಚು ನಿಷ್ಠೆ ಇರುವವರೇ ಈ ಬಳಲಿಕೆಗೆ ಸುಲಭವಾಗಿ ಸಿಗುತ್ತಾರೆ ಎನ್ನುವುದು ಅವನ ಮುಖ್ಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಹೊಸ ರೋಗವರ್ಗೀಕರಣದಲ್ಲಿ ಇದನ್ನು ಕಾಯಿಲೆ ಎಂದಲ್ಲ, ಕೆಲಸಕ್ಕೆ ಅಂಟಿದ ಸ್ಥಿತಿ ಎಂದು ಸೇರಿಸಿಕೊಂಡಿತು. ಅದು ಕೊಡುವ ಲಕ್ಷಣಗಳು ಮೂರು: ಶಕ್ತಿ ಬತ್ತಿಹೋಗುವುದು, ಮಾಡುವ ಕೆಲಸದ ಬಗ್ಗೆ ಮನಸ್ಸು ದೂರವಾಗುವುದು ಅಥವಾ ಕಹಿಯಾಗುವುದು, ಕೆಲಸದ ಹದ ತಪ್ಪುವುದು.

ಪರದೇಶದಲ್ಲಿ ಇವು ಸಣ್ಣ ವೇಷದಲ್ಲಿ ಬರುತ್ತವೆ. ‘ಇಲ್ಲಿಯವರೇ ಹೀಗೆ’ ಎನ್ನುವ ವಾಕ್ಯ ದಿನಕ್ಕೆ ಎರಡು ಸಲ ಬಾಯಿಗೆ ಬಂದರೆ ಅದು ಅಲ್ಲಿಯವರ ಗುಣವಲ್ಲ, ನಿಮ್ಮ ದಣಿವು. ಮನೆಗೆ ಫೋನು ಮಾಡಲು ಬೇಸರ, ಮಾಡಿದರೆ ಅಳು. ಎಂಟು ತಾಸು ಮಲಗಿದರೂ ಏಳಲಾಗದ ಬೆಳಗು. ನನಗಂತೂ ಬಾಗಿಲ ಹೊರಗೆ ‘ಹೋಡಿ!’ ಎನ್ನುವ ದನಿ ಕೇಳಿದರೆ ಮಂಚದ ಮೇಲೆ ಉಸಿರು ಬಿಗಿಹಿಡಿದು ಕೂರುವ ಅಭ್ಯಾಸ ಬಂದಿತ್ತು. ಮನೆಗೆ ಬಂದವರು ಬಾಗಿಲು ಬಡಿಯದೆ ಹಾಗೆ ಕೂಗುವುದು ಅಲ್ಲಿನ ಪದ್ಧತಿ. ಕೂಗಿದವರು ಬಾಳೆಹಣ್ಣು ಕೊಡಲು ಬಂದ ಪಕ್ಕದ ಮನೆಯವರು. ಜ್ವರ, ತೂಕ ಇಳಿಯುವುದು, ನಿದ್ದೆ ಪೂರ್ತಿ ಬಿಡುವುದು ಕಂಡರೆ ಮಾತ್ರ ಇದನ್ನು ಬಳಲಿಕೆ ಎಂದು ತಳ್ಳಿಹಾಕದೆ ವೈದ್ಯರ ಹತ್ತಿರ ಹೋಗಿ. ಮಲೇರಿಯಾ ಇರುವ ದೇಶದಲ್ಲಿ ಜ್ವರಕ್ಕೆ ಮೊದಲ ಉತ್ತರ ರಕ್ತಪರೀಕ್ಷೆ.

ನಮ್ಮ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ಹದ ಎಷ್ಟೇ ಚೆನ್ನಾಗಿರಲಿ, ಪಕ್ಕದ ಹೊಲದವನ ಬಿತ್ತನೆ ಮುಗಿದಿರಲಿ, ಅಂದು ನೊಗ ಇಡುವಂತಿಲ್ಲ. ಎತ್ತಿಗೆ ದಣಿವಾಗಿದೆಯೇ ಎಂದು ಯಾರೂ ಕೇಳುವುದಿಲ್ಲ. ವಾರ ಬಂತು, ನೊಗ ಇಳಿಯಿತು. ಸ್ವಯಂಸೇವಕನ ವಿಶ್ರಾಂತಿಯೂ ಹೀಗೆ ಮೊದಲೇ ಗೊತ್ತಾಗಿರಬೇಕು. ದಣಿದಮೇಲೆ ನೋಡೋಣ ಎಂದುಕೊಂಡರೆ ನಡೆಯುವುದಿಲ್ಲ, ಏಕೆಂದರೆ ದಣಿದವನಿಗೆ ತಾನು ದಣಿದದ್ದು ಕಡೆಗೆ ಗೊತ್ತಾಗುತ್ತದೆ.

ಸಹಿ ಹಾಕುವ ಮುಂಚೆ

ವ್ಯವಸ್ಥಿತ ಸಂಸ್ಥೆಗಳಲ್ಲಿ ಈ ಸೋಮವಾರ ಕಾಗದದ ಮೇಲೆ ಇರುತ್ತದೆ. 1970ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯದಿಂದ ಹುಟ್ಟಿದ, ಈಗ ಜರ್ಮನಿಯ ಬಾನ್ ನಗರದಲ್ಲಿ ಕಚೇರಿ ಇರುವ ವಿಶ್ವಸಂಸ್ಥೆ ಸ್ವಯಂಸೇವಕ ಯೋಜನೆಯಲ್ಲಿ ಹೊರದೇಶಕ್ಕೆ ಹೋದವರಿಗೆ ತಿಂಗಳಿಗೆ ಎರಡೂವರೆ ದಿನದಂತೆ ವಾರ್ಷಿಕ ರಜೆ ಕೂಡುತ್ತದೆ. ಯುದ್ಧ, ಅಭದ್ರತೆ ಇರುವ ಕಠಿಣ ಜಾಗಗಳಲ್ಲಿ ಇದ್ದರೆ ನಿಗದಿತ ವಾರಗಳಿಗೊಮ್ಮೆ ಐದು ಕೆಲಸದ ದಿನ ಆ ಜಾಗ ಬಿಟ್ಟು ಹೊರಗೆ ಹೋಗಿ ಬರುವ ವ್ಯವಸ್ಥೆ ಬೇರೆ ಇದೆ. ಆರ್ ಅಂಡ್ ಆರ್ ಎನ್ನುತ್ತಾರೆ. ಅದನ್ನು ವಾರ್ಷಿಕ ರಜೆಯಲ್ಲಿ ಕಳೆಯುವುದಿಲ್ಲ. ಅಮೆರಿಕದ ಪೀಸ್ ಕೋರ್ ತನ್ನವರಿಗೆ ತಿಂಗಳಿಗೆ ಎರಡು ದಿನ ಕೊಡುತ್ತದೆ. ಅದಕ್ಕೆ ನಾವು ಅರ್ಜಿ ಹಾಕುವಂತಿಲ್ಲ, ಅಮೆರಿಕದ ಪ್ರಜೆಗಳಿಗೆ ಮಾತ್ರ. ಆದರೂ ಇಲ್ಲಿ ನೆನೆದೆ, ಏಕೆಂದರೆ 1961ರಿಂದ 1976ರವರೆಗೆ ಆ ಸ್ವಯಂಸೇವಕರು ಭಾರತದಲ್ಲಿದ್ದರು, ಅಂದಿನ ಮೈಸೂರು ರಾಜ್ಯಕ್ಕೂ ಬಂದಿದ್ದರು. ದೂರದ ಊರಿನ ಪರದೇಶಿ ಮೇಷ್ಟ್ರು ಎಂದರೆ ಅಂದು ಅವರು, ಇಂದು ನಾವು.

ಹೊಲ ತೋಟಗಳಲ್ಲಿ ಕೆಲಸ ಮಾಡಿ ಊಟ, ವಸತಿ ಪಡೆಯುವ ವೂಫ್ ಜಾಲದ ಕತೆ ಸ್ವಾರಸ್ಯದ್ದು. 1971ರಲ್ಲಿ ಲಂಡನ್ನಿನಲ್ಲಿ ಸೆಕ್ರೆಟರಿ ಕೆಲಸದಲ್ಲಿದ್ದ ಸ್ಯೂ ಕೊಪಾರ್ಡ್ ಎಂಬಾಕೆಗೆ ಹಳ್ಳಿಯ ಗಾಳಿ ಬೇಕಾಗಿತ್ತು. ವಾರಾಂತ್ಯಕ್ಕೆ ಸಸೆಕ್ಸಿನ ಒಂದು ಸಾವಯವ ತೋಟಕ್ಕೆ ಕೆಲಸ ಮಾಡಲು ಹೋಗುವ ಏರ್ಪಾಡು ಮಾಡಿದಳು. ಅಂದರೆ ಆ ಜಾಲ ಹುಟ್ಟಿದ್ದೇ ಒಬ್ಬಳ ವಿರಾಮದಿಂದ! ಈಗ ಅದರಲ್ಲಿ ದಿನಕ್ಕೆ ನಾಲ್ಕರಿಂದ ಆರು ತಾಸಿನ ಕೆಲಸ ರೂಢಿ. ವರ್ಕ್‌ಅವೇ ಎಂಬ ಇನ್ನೊಂದು ಜಾಲದಲ್ಲಿ ದಿನಕ್ಕೆ ಐದು ತಾಸು, ವಾರಕ್ಕೆ ಐದು ದಿನ ಎನ್ನುವುದು ಸಾಮಾನ್ಯ ಸೂತ್ರ. ರೂಢಿ, ಸೂತ್ರ ಎಂದೆ. ಪ್ರತಿ ಮನೆಯ ಯಜಮಾನನೂ ಹಾಗೇ ನಡೆದುಕೊಳ್ಳುತ್ತಾನೆ ಎಂದಲ್ಲ. ಮತ್ತೊಂದು ಎಚ್ಚರ: ಊಟ, ವಸತಿಗೆ ಬದಲಾಗಿ ದುಡಿಯುವುದನ್ನು ಹಲವು ದೇಶಗಳು ಕೆಲಸವೆಂದೇ ಎಣಿಸುತ್ತವೆ. ಪ್ರವಾಸಿ ವೀಸಾದಲ್ಲಿ ಹೋಗಿ ಸಿಕ್ಕಿಬಿದ್ದರೆ ವಿಶ್ರಾಂತಿ ಸಿಗುವುದು ವಿಮಾನ ನಿಲ್ದಾಣದ ಬೆಂಚಿನ ಮೇಲೆ.

ಸಣ್ಣ ಸಂಸ್ಥೆಗಳ ಮೂಲಕ ಹೋಗುವವರದ್ದೇ ತೊಂದರೆ. ನನಗೆ ಕೊಟ್ಟದ್ದು ಒಂದೇ ಪುಟದ ಪತ್ರ. ಅದರಲ್ಲಿ ನನ್ನ ಜವಾಬ್ದಾರಿಗಳು ಹನ್ನೊಂದು ಇದ್ದವು, ರಜೆ ಎನ್ನುವ ಪದ ಇರಲಿಲ್ಲ. ಕೆಲಸದ ವೇಳೆ ಅಗತ್ಯಕ್ಕೆ ತಕ್ಕಂತೆ ಹೊಂದಾಣಿಕೆಯಾಗುತ್ತದೆ ಎಂದು ಒಂದು ಸಾಲು ಇತ್ತು. ಅಂಥ ಸಾಲು ಕಂಡರೆ ತಿಳಿದುಕೊಳ್ಳಿ, ಹೊಂದಿಕೊಳ್ಳಬೇಕಾದವರು ನೀವೇ.

ಹಾಗಾಗಿ ವಿಮಾನದ ಟಿಕೆಟ್ ತೆಗೆಯುವ ಮುಂಚೆ ಇಮೇಲಿನಲ್ಲಿ ಕೇಳಿ, ಉತ್ತರವನ್ನು ಇಮೇಲಿನಲ್ಲೇ ತರಿಸಿಕೊಳ್ಳಿ. ವಾರಕ್ಕೆ ಎಷ್ಟು ತಾಸು? ಬಿಡುವಿನ ಎರಡು ದಿನ ಒಟ್ಟಿಗೆ ಬರುತ್ತವೆಯೋ, ಮಂಗಳವಾರ ಒಂದು, ಶುಕ್ರವಾರ ಒಂದು ಎಂದು ಚದುರುತ್ತವೆಯೋ? ಚದುರಿದ ದಿನಗಳಲ್ಲಿ ಬಟ್ಟೆ ಒಗೆಯಬಹುದು, ಊರು ಬಿಟ್ಟು ಹೋಗಲಾಗದು. ಆ ದೇಶದ ಸಾರ್ವಜನಿಕ ರಜೆಗಳು ನಿಮ್ಮ ರಜೆಯ ಲೆಕ್ಕದಿಂದ ಹೊರಗೋ ಒಳಗೋ? ಕಾಯಿಲೆ ಬಿದ್ದ ದಿನಗಳು? ನೀವು ಇಲ್ಲದ ದಿನ ಕೆಲಸ ನೋಡುವವರು ಯಾರು? ಈ ಕೊನೆಯ ಪ್ರಶ್ನೆಗೆ ‘ಯಾರೂ ಇಲ್ಲ, ಅದಕ್ಕೇ ನಿಮ್ಮನ್ನು ಕರೆಯುತ್ತಿದ್ದೇವೆ’ ಎಂಬ ಉತ್ತರ ಬಂದರೆ ಆ ಕೆಲಸಕ್ಕೆ ಹೋಗದಿರುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಒಬ್ಬ ಪರದೇಶಿ ಎರಡು ದಿನ ಮಲಗಿದರೆ ನಿಲ್ಲುವ ಯೋಜನೆ ಅವನು ಊರಿಗೆ ಮರಳಿದ ದಿನ ಹೇಗೂ ನಿಲ್ಲುತ್ತದೆ.

ಇನ್ನೊಂದನ್ನು ಕೇಳಲು ನಾಚಿಕೆ ಬೇಡ: ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಇದೆಯೇ?

ವಾರದೊಳಗೆ

ಶನಿವಾರ, ಭಾನುವಾರ ಬಿಡುವು ಎಂದು ಪತ್ರದಲ್ಲಿದ್ದರೂ ಅವು ಬಿಡುವಾಗಿ ಬರುವುದಿಲ್ಲ. ವಾಷಿಂಗ್ ಮಷಿನ್ ಇಲ್ಲದ ಊರಿನಲ್ಲಿ ಶನಿವಾರ ಎಂದರೆ ಬಕೆಟ್ಟು, ಸೋಪು, ಮಾರುಕಟ್ಟೆಯ ಚೀಲ. ಭಾನುವಾರ ಚರ್ಚು. ನಾನು ಯಾವ ಧರ್ಮದವನಾದರೇನು, ಅತಿಥಿ ಮೇಷ್ಟ್ರನ್ನು ಕರೆದುಕೊಂಡು ಹೋಗುವುದು ಅವರ ಪ್ರೀತಿ. ಮೂರು ತಾಸಿನ ಪ್ರಾರ್ಥನೆ, ಎದ್ದು ನಿಂತು ಪರಿಚಯ ಹೇಳುವುದು, ಆಮೇಲೆ ಯಾರದಾದರೂ ಮನೆಯಲ್ಲಿ ಉಗಾಲಿ ಎನ್ನುವ ಮೆಕ್ಕೆಜೋಳದ ಮುದ್ದೆ, ಹುರುಳಿಯಂಥ ಕಾಳಿನ ಸಾರು. ಹಾಡು ಬಹಳ ಚೆನ್ನಾಗಿರುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೋಮವಾರ ಬೆಳಿಗ್ಗೆ ತರಗತಿಗೆ ಹೋಗುವಾಗ ಶುಕ್ರವಾರಕ್ಕಿಂತ ಹೆಚ್ಚು ಸುಸ್ತಾಗಿರುತ್ತಿದ್ದೆ.

ಆಮೇಲೆ ನಾನು ಮಾಡಿಕೊಂಡ ವ್ಯವಸ್ಥೆ ಹೀಗೆ. ತಿಂಗಳಿಗೆ ಎರಡು ಭಾನುವಾರ ಚರ್ಚು, ಎರಡು ನನ್ನದು. ನನ್ನ ಭಾನುವಾರಕ್ಕೆ ಶಾಲೆಯ ಆವರಣದಲ್ಲಿ ಉಳಿಯುತ್ತಿರಲಿಲ್ಲ. ಉಳಿದರೆ ‘ಹೋಡಿ’ ತಪ್ಪದು. ಶನಿವಾರ ಮಧ್ಯಾಹ್ನವೇ ಬಜಾಜಿ ಹತ್ತಿ ಪಟ್ಟಣಕ್ಕೆ. ನಮ್ಮ ಆಟೋರಿಕ್ಷಾಕ್ಕೆ ಅಲ್ಲಿ ಅದೇ ಹೆಸರು, ನಮ್ಮ ಪುಣೆಯ ಕಂಪನಿಯಿಂದ ಬಂದದ್ದು. ಇಂಥ ಊರುಗಳಲ್ಲಿ ಚರ್ಚುಗಳು ನಡೆಸುವ ಅತಿಥಿಗೃಹಗಳು ಶುಚಿಯಾಗಿ, ಅಗ್ಗವಾಗಿ ಇರುತ್ತವೆ. ಬಿಸಿನೀರು, ಒಂದು ಮಂಚ, ನನ್ನನ್ನು ಮ್ವಾಲಿಮು ಎಂದು ಕರೆಯದ ಜನ. ಇರಿಂಗಾ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಜೂನ್‌, ಜುಲೈಯಲ್ಲಿ ರಾತ್ರಿ ಸ್ವೆಟರ್ ಬೇಕು. ಆ ಬಿಸಿನೀರಿನ ಸ್ನಾನದ ಬೆಲೆ ಅಲ್ಲಿ ಇದ್ದವರಿಗೇ ಗೊತ್ತು.

ದಣಿವಿನಲ್ಲಿ ನಾವು ಲೆಕ್ಕ ಹಿಡಿಯದ ಒಂದು ಬಗೆಯಿದೆ, ಮಾತಿನ ದಣಿವು. ಬೆಳಗಿನಿಂದ ಸಂಜೆಯವರೆಗೆ ಅರೆಬರೆ ಸ್ವಾಹಿಲಿ, ನಡುನಡುವೆ ಇಂಗ್ಲಿಷು. ಪ್ರತಿ ವಾಕ್ಯವನ್ನೂ ತಲೆಯಲ್ಲಿ ಕಟ್ಟಿ ಬಾಯಿಗೆ ಕಳಿಸಬೇಕು. ನಗುವುದಕ್ಕೂ ಅರೆಕ್ಷಣ ತಡ. ಇದಕ್ಕೆ ಮದ್ದು ಎರಡೇ: ಮೌನ, ಇಲ್ಲವೇ ಕನ್ನಡ. ವಾರಕ್ಕೊಮ್ಮೆ ಕನ್ನಡದಲ್ಲಿ ಮನಸಾರೆ ಹರಟುವ ಒಂದು ಫೋನ್ ಕರೆ ಇಟ್ಟುಕೊಳ್ಳಿ. ಟಾಂಜಾನಿಯಾ ನಮಗಿಂತ ಎರಡೂವರೆ ತಾಸು ಹಿಂದೆ; ಅಲ್ಲಿ ಸಂಜೆ ಆರೂವರೆ ಎಂದರೆ ಇಲ್ಲಿ ರಾತ್ರಿ ಒಂಬತ್ತು, ಊಟ ಮುಗಿದ ಹೊತ್ತು. ದಿನಾ ಮಾಡಬೇಡಿ. ದಿನಾ ಮಾಡಿದರೆ ‘ಊಟ ಆಯ್ತಾ? ಏನು ಊಟ? ಅಯ್ಯೋ ಬರೀ ಅಷ್ಟೇನಾ?’ ಎಂಬ ವಿಚಾರಣೆಗೆ ಹಾಜರಾಗುವುದೂ ಇನ್ನೊಂದು ಡ್ಯೂಟಿಯಾಗುತ್ತದೆ. ದಾರ್ ಎಸ್ ಸಲಾಮಿನಂಥ ದೊಡ್ಡ ಊರಿನಲ್ಲಿ ಕನ್ನಡಿಗರು ಸಿಗುತ್ತಾರೆ, ಕಿಸುಟು ಬೀದಿಯಲ್ಲಿ ಸಾಲಾಗಿ ಹಿಂದೂ ದೇವಸ್ಥಾನಗಳೂ ಇವೆ. ಒಂದು ತಟ್ಟೆ ಅನ್ನ, ತಿಳಿಸಾರು ಎಂಟು ದಿನದ ರಜೆಯಷ್ಟು ಕೆಲಸ ಮಾಡಿದ್ದನ್ನು ನಾನು ಕಂಡಿದ್ದೇನೆ. ಆದರೆ ಎಲ್ಲ ವಾರಾಂತ್ಯಗಳನ್ನೂ ನಮ್ಮವರ ಜೊತೆಗೇ ಕಳೆದರೆ ಆ ಊರಿಗೆ ಹೋದದ್ದಾದರೂ ಯಾಕೆ?

ಇನ್ನು ದಿನದೊಳಗಿನ ವಿರಾಮ. ಶಾಲೆಯಲ್ಲಿ ಹತ್ತು ಗಂಟೆಗೆ ಚಹಾ. ಎಲ್ಲ ಶಿಕ್ಷಕರೂ ಕೂತು ಮಂದಾಜಿ ತಿನ್ನುತ್ತ ಅರ್ಧ ತಾಸು ಹರಟುತ್ತಿದ್ದರು. ಮೈದಾಹಿಟ್ಟಿನ ಸಿಹಿ ಬೋಂಡದಂಥದ್ದು ಅದು. ನಾನು ಆ ಅರ್ಧ ತಾಸಿನಲ್ಲಿ ನೋಟ್‌ಬುಕ್ ತಿದ್ದುತ್ತಿದ್ದೆ, ಶ್ರದ್ಧೆ ಎಂದುಕೊಂಡಿದ್ದೆ. ಅವರ ಕಣ್ಣಿಗೆ ಅದು ಬಿಂಕವಾಗಿ ಕಂಡಿತ್ತೆಂದು ತಡವಾಗಿ ತಿಳಿಯಿತು.

ದೊಡ್ಡ ರಜೆ

ಅಲ್ಲಿ ಶಾಲೆಯ ವರ್ಷ ಜನವರಿಯಲ್ಲಿ ಶುರು, ದೊಡ್ಡ ಬಿಡುವು ಜೂನಿನಲ್ಲಿ ಮತ್ತು ಡಿಸೆಂಬರಿನಲ್ಲಿ. ಯಾವ ದೇಶಕ್ಕೆ ಹೋದರೂ ಮೊದಲ ವಾರವೇ ಆ ಊರಿನ ಕ್ಯಾಲೆಂಡರ್ ಒಂದನ್ನು ಗೋಡೆಗೆ ಹಾಕಿ. ಟಾಂಜಾನಿಯಾದಲ್ಲಿ ಜುಲೈ 7 ಸಬಾ ಸಬಾ, ಅಂದರೆ ಏಳು ಏಳು. ಆಗಸ್ಟ್ 8 ನಾನೆ ನಾನೆ, ಎಂಟು ಎಂಟು, ರೈತರ ದಿನ. ಅಕ್ಟೋಬರ್ 14 ಮೊದಲ ಅಧ್ಯಕ್ಷ ನ್ಯೆರೆರೆ ತೀರಿಕೊಂಡ ದಿನ. ಶಾಲಾ ಮೇಷ್ಟ್ರಾಗಿದ್ದ ಅವರನ್ನು ದೇಶವೆಲ್ಲ ಮ್ವಾಲಿಮು ಎಂದೇ ಕರೆಯುತ್ತಿತ್ತು. ಈದ್ ಹಬ್ಬದ ದಿನ ಚಂದ್ರ ಕಂಡಮೇಲೆ ಖಚಿತ. ಇವುಗಳಲ್ಲೊಂದು ಶುಕ್ರವಾರವೋ ಸೋಮವಾರವೋ ಬಂದರೆ ನಿಮ್ಮ ಒಂದೆರಡು ದಿನ ಸೇರಿಸಿ ನಾಲ್ಕೈದು ದಿನ ಮಾಡಿಕೊಳ್ಳಬಹುದು. ಶಾಲೆಯ ಬಿಡುವು ತಾನಾಗಿ ನಿಮ್ಮ ಬಿಡುವು ಎಂದುಕೊಳ್ಳಬೇಡಿ. ಆಗಲೇ ಸಂಸ್ಥೆಯವರು ಮಕ್ಕಳ ಶಿಬಿರ ಇಟ್ಟಿರುತ್ತಾರೆ, ಶಿಬಿರಕ್ಕೆ ಗಣಿತದ ಮೇಷ್ಟ್ರು ಬೇಕೇ ಬೇಕು.

ಎಲ್ಲಿಗೆ ಹೋಗಬೇಕು? ಇಲ್ಲಿ ನನ್ನದು ಕೊಂಚ ಖಾರದ ಮಾತು. ರಜೆ ಸಿಕ್ಕಿತೆಂದರೆ ಸ್ವಯಂಸೇವಕರೆಲ್ಲ ಪ್ರವಾಸಿಗಳಾಗುತ್ತಾರೆ. ಕಿಲಿಮಂಜಾರೊ ಹತ್ತಬೇಕು, ಸಫಾರಿಗೆ ಹೋಗಬೇಕು, ಜಂಜಿಬಾರ್ ದ್ವೀಪದ ಕಡಲಲ್ಲಿ ಫೋಟೋ ತೆಗೆಸಿಕೊಳ್ಳಬೇಕು, ಎಲ್ಲ ಎಂಟು ದಿನದಲ್ಲಿ. 5,895 ಮೀಟರ್ ಎತ್ತರದ ಬೆಟ್ಟ ಹತ್ತಿ ಇಳಿಯಲು ಕಡಿಮೆಯೆಂದರೂ ಐದಾರು ದಿನ ಬೇಕು. ಅದು ಸಾಧನೆ, ಸಂತೋಷವೂ ಹೌದು, ವಿಶ್ರಾಂತಿ ಮಾತ್ರ ಅಲ್ಲ. ನನ್ನ ಜೊತೆಗಿದ್ದ ಯುರೋಪಿನ ಹುಡುಗ ಅಲ್ಲಿಂದ ಮರಳಿದಾಗ ಉಗುರು ಕಪ್ಪಾಗಿ, ತುಟಿ ಒಡೆದು, ಒಂದು ವಾರ ಕುಂಟುತ್ತ ಪಾಠ ಮಾಡಿದ. ಬೆಟ್ಟ ಹತ್ತುವ ಆಸೆಯಿದ್ದರೆ ಸೇವೆಯ ಅವಧಿ ಮುಗಿದಮೇಲೆ ಹತ್ತಿ.

ನಡುವಿನ ರಜೆಗೆ ಸ್ಯೂ ಕೊಪಾರ್ಡಳ ದಾರಿ ಒಳ್ಳೆಯದು: ನೀವು ಇರುವುದಕ್ಕೆ ತದ್ವಿರುದ್ಧವಾದದ್ದನ್ನು ಆರಿಸಿ. ಲಂಡನ್ನಿನವಳಿಗೆ ತೋಟ ವಿರಾಮವಾಯಿತು. ದಿನವಿಡೀ ಜನರ ನಡುವೆ ಇರುವ ಆಸ್ಪತ್ರೆಯ ನರ್ಸಿಗೆ ನಿರ್ಜನ ಕಡಲತೀರ ಬೇಕು. ಕರೆಂಟಿಲ್ಲದ ಹಳ್ಳಿಯಲ್ಲಿ ಇರುವವನಿಗೆ ಪಟ್ಟಣದ ಕಾಫಿ ಅಂಗಡಿ, ಸಿನಿಮಾ, ಫ್ಯಾನಿನ ಕೆಳಗೆ ನಿದ್ದೆ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಇರಿಂಗಾದಿಂದ ಸುಮಾರು 130 ಕಿಲೋಮೀಟರ್ ದೂರದಲ್ಲಿ ಆನೆಗಳಿಗೆ ಹೆಸರಾದ ರುವಾಹಾ ರಾಷ್ಟ್ರೀಯ ಉದ್ಯಾನವಿದೆ, ನಾನು ಅಲ್ಲಿಗೆ ಹೋಗಿದ್ದು ಹತ್ತನೇ ತಿಂಗಳಿನಲ್ಲಿ. ಆನೆ ನೋಡುವ ಆಸೆಗೆ ಅದುವರೆಗೆ ದಾರ್ ಎಸ್ ಸಲಾಮಿಗೆ ಹೋಗುವ ಬಸ್ಸಿನ ಕಿಟಕಿಯೇ ಸಾಕಾಗಿತ್ತು. ಹೆದ್ದಾರಿ ಮಿಕುಮಿ ಉದ್ಯಾನದ ನಡುವೆಯೇ ಹಾದುಹೋಗುತ್ತದೆ.

ಆ ಬಸ್ಸಿನ ಕತೆಯನ್ನೂ ಹೇಳಬೇಕು. ಮಾಮಾ ಗದರಿದ ಮೇಲೆ ಮೊದಲ ದೊಡ್ಡ ರಜೆಗೆ ಹೊರಟೆ. ಚೀಟಿಯಲ್ಲಿ ಹೊರಡುವ ವೇಳೆ 12 ಎಂದಿತ್ತು. ಆರಾಮವಾಗಿ ತಿಂಡಿ ತಿಂದು ಹನ್ನೊಂದೂವರೆಗೆ ನಿಲ್ದಾಣಕ್ಕೆ ಹೋದರೆ ಬಸ್ಸು ಹೋಗಿ ಐದೂವರೆ ತಾಸಾಗಿತ್ತು. ಸ್ವಾಹಿಲಿ ಗಡಿಯಾರದಲ್ಲಿ ದಿನ ಶುರುವಾಗುವುದು ಸೂರ್ಯೋದಯದಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಬೆಳಗಿನ ಆರು ಅವರಿಗೆ ಹನ್ನೆರಡು. ಎಂಟರಿಂದ ಹತ್ತು ತಾಸಿನ ದಾರಿ, ಹಾಗಾಗಿ ಬಸ್ಸುಗಳು ನಸುಕಿನಲ್ಲೇ ಹೊರಡುತ್ತವೆ. ಅಲ್ಲಿದ್ದು ನಾಲ್ಕು ತಿಂಗಳಾಗಿತ್ತು, ಮಕ್ಕಳಿಗೆ ಇದೇ ಗಡಿಯಾರದ ಲೆಕ್ಕವನ್ನು ಕಲಿಸಿದ್ದೂ ಆಗಿತ್ತು. ದಣಿದ ತಲೆಯ ಕೆಲಸ ಹೀಗೆ.

ಕಾಗದಪತ್ರಗಳ ವಿಚಾರ ಬೇಗ ಮುಗಿಸುತ್ತೇನೆ, ಆದರೆ ಬಿಡಬೇಡಿ. ರಜೆಗೆಂದು ಪಕ್ಕದ ದೇಶಕ್ಕೆ ಹೋಗುವುದಾದರೆ ನಿಮ್ಮ ವೀಸಾ ಒಂದೇ ಸಲದ ಪ್ರವೇಶದ್ದೋ ಹಲವು ಸಲದ್ದೋ ನೋಡಿ. ಒಂದೇ ಸಲದ್ದಾದರೆ ಗಡಿ ದಾಟಿದ ಕೂಡಲೇ ಅದು ಮುಗಿಯಿತು. ಟಾಂಜಾನಿಯಾದಲ್ಲಿ ಸ್ವಯಂಸೇವಕರಿಗೆ ಸಿ ವರ್ಗದ ನಿವಾಸ ಪರವಾನಗಿ ಇದೆ. ಅದನ್ನು ಮಾಡಿಸಿಕೊಡುವುದು ಸಂಸ್ಥೆಯ ಕೆಲಸ. ಅದು ಕೈಯಲ್ಲಿದ್ದರೆ ಜಂಜಿಬಾರಿನ ದೋಣಿ, ಉದ್ಯಾನಗಳ ಪ್ರವೇಶ ಎಲ್ಲ ಪ್ರವಾಸಿಗಳಿಗಿಂತ ಕಡಿಮೆ ದರದಲ್ಲಿ ಸಿಗುತ್ತವೆ. ಜಂಜಿಬಾರಿಗೆ ಹೋಗುವ ವಿದೇಶಿ ಪ್ರವಾಸಿಗಳು 2024ರ ಅಕ್ಟೋಬರಿನಿಂದ ಅಲ್ಲಿಯದೇ ಪ್ರವಾಸ ವಿಮೆಯನ್ನು 44 ಡಾಲರ್ ಕೊಟ್ಟು ಮಾಡಿಸಬೇಕು. ಕೀನ್ಯಾಕ್ಕೋ ಉಗಾಂಡಾಕ್ಕೋ ಹೋಗಿ ಮರಳುವವರ ಬಳಿ ಹಳದಿ ಜ್ವರದ ಲಸಿಕೆಯ ಪತ್ರ ಇರಲೇಬೇಕು. ಅದನ್ನು ಭಾರತದಲ್ಲೇ ಹಾಕಿಸಿಕೊಂಡು ಹೋಗುವುದು ಸುಲಭ. ಇನ್ನು ಸಂಸ್ಥೆ ಮಾಡಿಸಿದ ವಿಮೆ ರಜೆಯ ದಿನಗಳಿಗೂ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಎತ್ತರದ ಬೆಟ್ಟ, ಬೋಡಾಬೋಡಾ ಎನ್ನುವ ಬಾಡಿಗೆ ಬೈಕು, ಕಡಲೊಳಗೆ ಮುಳುಗುವ ಆಟ, ಇವನ್ನು ಅನೇಕ ಪಾಲಿಸಿಗಳು ಸಣ್ಣ ಅಕ್ಷರದಲ್ಲಿ ಹೊರಗಿಟ್ಟಿರುತ್ತವೆ. ಎಲ್ಲಿಗೆ ಹೋಗುತ್ತೀರಿ, ಎಂದು ಬರುತ್ತೀರಿ ಎಂದು ಅಲ್ಲಿ ಒಬ್ಬರಿಗೆ, ಊರಲ್ಲಿ ಒಬ್ಬರಿಗೆ ಬರೆದಿಟ್ಟು ಹೊರಡಿ.

ಕೇಳುವ ಬಗೆ

ರಜೆ ಎನ್ನುವ ನಮ್ಮ ಮಾತು ಅರಬ್ಬಿಯ ರಜಾದಿಂದ ಬಂದದ್ದು, ಒಪ್ಪಿಗೆ ಎಂದು ಅರ್ಥ. ಸ್ವಾಹಿಲಿಯವರು ರುಹುಸಾ ಎನ್ನುತ್ತಾರೆ, ಅದೂ ಅರಬ್ಬಿಯದೇ, ಅದರ ಅರ್ಥವೂ ಅಪ್ಪಣೆ. ಎರಡು ಭಾಷೆಯಲ್ಲೂ ಕೇಳದೆ ಸಿಗುವಂಥದ್ದಲ್ಲ ಅದು. ಆದರೆ ಕೇಳುವುದರಲ್ಲೂ ಹದವಿದೆ. ‘ನನಗೆ ಸುಸ್ತಾಗಿದೆ, ಏನು ಮಾಡಲಿ?’ ಎಂದು ಕೇಳಿದರೆ ಅನುಕಂಪ ಸಿಗುತ್ತದೆ, ದಿನ ಸಿಗುವುದಿಲ್ಲ. ‘ಮುಂದಿನ ತಿಂಗಳು 10ರಿಂದ 14ರವರೆಗೆ ಇರುವುದಿಲ್ಲ. ಆ ವಾರದ ಪಾಠ ಇವರು ಮಾಡುತ್ತಾರೆ, ಲೆಕ್ಕಗಳ ಹಾಳೆ ಕೊಟ್ಟಿದ್ದೇನೆ’ ಎಂದು ಹೇಳಿದರೆ ಯಾರೂ ಬೇಡ ಎನ್ನುವುದಿಲ್ಲ. ಸ್ಥಳೀಯ ಶಿಕ್ಷಕರೊಬ್ಬರನ್ನು ಮೊದಲೇ ಜೊತೆಗೆ ಸೇರಿಸಿಕೊಂಡು ಕಲಿಸಿದ್ದರೆ ಇದು ಸಾಧ್ಯ. ನನ್ನ ರಜೆಯ ವಾರ ತರಗತಿ ತೆಗೆದುಕೊಂಡ ಕಿರಿಯ ಶಿಕ್ಷಕ ಭಿನ್ನರಾಶಿಯನ್ನು ಚಪಾತಿ ಹರಿದು ಕಲಿಸಿದ್ದ. ನಾನು ಮರಳಿ ಬಂದಾಗ ಆ ಹುಡುಗಿಗೆ ಲೆಕ್ಕ ಬರುತ್ತಿತ್ತು.

ಅಲ್ಲಿಯ ಸಹೋದ್ಯೋಗಿಗಳ ಎದುರು ರಜೆಯ ಬಗ್ಗೆ ಮಾತಾಡುವಾಗ ಒಂದು ಸೂಕ್ಷ್ಮ ನೆನಪಿರಲಿ. ನಿಮ್ಮ ಒಂದು ವಾರದ ಸುತ್ತಾಟದ ಖರ್ಚು ಅವರ ತಿಂಗಳ ಸಂಬಳಕ್ಕೆ ಸಮನಾಗಿರಬಹುದು. ಅವರಲ್ಲಿ ಎಷ್ಟೋ ಜನ ಜಂಜಿಬಾರನ್ನು ನೋಡಿಲ್ಲ. ಹೋಗಬೇಡಿ ಎಂದಲ್ಲ, ಸ್ಟಾಫ್ ರೂಮಿನಲ್ಲಿ ರೆಸಾರ್ಟಿನ ಫೋಟೋ ತೋರಿಸುತ್ತ ಕೂರಬೇಡಿ. ಬರುವಾಗ ಎಲ್ಲರಿಗೂ ಚಹಾಕ್ಕೆ ಹಾಕುವ ಏಲಕ್ಕಿ, ಲವಂಗ ತನ್ನಿ. ಜಂಜಿಬಾರಿನ ಲವಂಗ ಲೋಕಪ್ರಸಿದ್ಧ.

ಎಷ್ಟು ಕೇಳಿದರೂ ಬಿಡುವು ಕೊಡದ, ಪಾಸ್‌ಪೋರ್ಟನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳುವ, ವಾರಕ್ಕೆ ಏಳು ದಿನ ದುಡಿಸುವ ಜಾಗಗಳೂ ಇವೆ. ಅಲ್ಲಿ ಹೊಂದಿಕೊಳ್ಳುವ ಮಾತೇ ಬೇಡ. ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಬೇಕು. ಕಳಿಸಿದ ಸಂಸ್ಥೆಗೆ ಬರೆಯಿರಿ, ಉತ್ತರ ಬಾರದಿದ್ದರೆ ಭಾರತದ ರಾಯಭಾರ ಕಚೇರಿಯನ್ನು ಸಂಪರ್ಕಿಸಿ. ಟಾಂಜಾನಿಯಾಕ್ಕಾದರೆ ದಾರ್ ಎಸ್ ಸಲಾಮಿನಲ್ಲಿ ನಮ್ಮ ಹೈಕಮಿಷನ್, ಜಂಜಿಬಾರಿನಲ್ಲಿ ಕಾನ್ಸುಲೇಟ್ ಇದೆ. ವಿದೇಶದಲ್ಲಿರುವ ಭಾರತೀಯರ ದೂರುಗಳಿಗೆ ವಿದೇಶಾಂಗ ಸಚಿವಾಲಯದ ಮದದ್ ಎಂಬ ವ್ಯವಸ್ಥೆ 2015ರಿಂದ ಇದೆ. ಅವಧಿಗೆ ಮುಂಚೆ ಮರಳುವುದು ಸೋಲಲ್ಲ. ಊರಲ್ಲಿ ಸನ್ಮಾನ ಮಾಡಿ, ಶಾಲು ಹೊದಿಸಿ ಕಳಿಸಿದ್ದಾರೆ ಎಂಬ ಒಂದೇ ಕಾರಣಕ್ಕೆ ಅಲ್ಲಿ ನರಳಿದವರನ್ನು ನಾನು ಬಲ್ಲೆ. ಶಾಲು ಹೊದಿಸಿದವರು ಅದನ್ನು ಮರೆತು ಬಹಳ ದಿನವಾಗಿರುತ್ತದೆ.

ಕಡೆಯದಾಗಿ, ಮರಳಿದ ಮೇಲಿನ ಬಿಡುವು. ಹೊರಡುವಾಗಲೇ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ವಾಪಸು ಬಂದ ದಿನಕ್ಕೂ ಕೆಲಸಕ್ಕೆ ಸೇರುವ ದಿನಕ್ಕೂ ನಡುವೆ ಎರಡು ವಾರವಾದರೂ ಇಡಿ. ನೆಂಟರು ಬರುತ್ತಾರೆ, ಸಂಘದವರು ಭಾಷಣಕ್ಕೆ ಕರೆಯುತ್ತಾರೆ, ನಿಮಗೆ ಮಾತ್ರ ನಿದ್ದೆ ಬೇಕಿರುತ್ತದೆ. ನಾನು ಈ ಜಾಣತನ ಮಾಡಲಿಲ್ಲ. ಬಂದ ನಾಲ್ಕನೇ ದಿನಕ್ಕೇ ಶಿರಸಿಯ ನನ್ನ ಶಾಲೆಗೆ ಹೋದೆ. ಮೊದಲ ಪಿರಿಯಡ್, ಎಂಟನೇ ತರಗತಿ. ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿದರು. ‘ಕಾಯೆನಿ’ ಎಂದೆ. ಸ್ವಾಹಿಲಿಯಲ್ಲಿ ಕೂತುಕೊಳ್ಳಿ ಎಂದರ್ಥ. ನನ್ನ ಮುಖ ನೋಡುತ್ತ ಇಡೀ ತರಗತಿ ನಿಂತೇ ಇತ್ತು.